ಲಂಡನ್ನಿನ ಉತ್ತರಕ್ಕೆ ಕಾದ ಅಜ್ಜ

ಕಸದ ಡಬ್ಬಿ ಹೊರಗಿಡಲು ಬರುವಾಗಲೂ ಅಜ್ಜನ ಪ್ಯಾಂಟಿನ ಇಸ್ತ್ರಿಗೆರೆ ಮುಟ್ಟಿದರೆ ಬೆರಳು ಕೊಯ್ಯುವಂತಿರುತ್ತಿತ್ತು. ಕೆನಡಾದ ಸ್ಟ್ರೀಟ್ಸ್‌ವಿಲ್ಲಿನ ಅವರ ಮನೆಯ ಬೇಸ್‌ಮೆಂಟಿನಲ್ಲಿ ನಾನೂ ನನ್ನ ಹೆಂಡತಿಯೂ ಬಾಡಿಗೆಗಿದ್ದೆವು. ಅಜ್ಜ ಹಾಂಗ್‌ಕಾಂಗಿನವರು. ಬ್ರಿಟಿಷರ ಸೈನ್ಯಕ್ಕೆ ಅಲ್ಲಿಯೇ ಭರ್ತಿಯಾಗಿ, ಊರು ಚೀನಾದ ಕೈಸೇರುವವರೆಗೆ ಲಾರಿ ಓಡಿಸಿದವರು. ನಾನು ಏಳನೆಯ ಇಯತ್ತೆಗೇ ಶಾಲೆ ಬಿಟ್ಟು ಹುಬ್ಬಳ್ಳಿಯ ಗ್ಯಾರೇಜಿನಲ್ಲಿ ಕೆಲಸ ಕಲಿತವನು. ಇಬ್ಬರ ಇಂಗ್ಲಿಷೂ ಕುಂಟುವಂಥದ್ದೇ. ಅವರ ಮಾತು ನನಗೆ ಈಗ ನೆನಪಾಗುವುದು ನಮ್ಮ ಹುಬ್ಬಳ್ಳಿ ಕನ್ನಡದಲ್ಲಿ.

"ನಿಮ್ಮನ್ನ ಕೈ ಬಿಡೂದಿಲ್ಲ ಅಂತ ನಮ್ಮ ಆಫೀಸರ್ ಹೆಗಲ ಮ್ಯಾಲೆ ಕೈ ಇಟ್ಟು ಹೇಳಿದ್ರು," ಎನ್ನುತ್ತಿದ್ದರು. ಜೊತೆಯವರಲ್ಲಿ ಕೆಲವರಿಗೆ ಬ್ರಿಟಿಷ್ ಪೌರತ್ವ ಸಿಕ್ಕಿತು, ಇವರಿಗೆ ಸಿಗಲಿಲ್ಲ. ಕೇಳಿದಾಗಲೆಲ್ಲ ಲಂಡನ್ನಿನಿಂದ ಪರಿಶೀಲನೆಯಲ್ಲಿದೆ ಎಂಬ ಉತ್ತರ. ಮಗಳು ಕೆನಡಾಕ್ಕೆ ಕರೆಸಿಕೊಂಡ ಮೇಲೂ ಇಲ್ಲಿಯ ಪೌರತ್ವ ಬೇಡವೆಂದರು.

"ಇದನ್ನ ತಗೊಂಡ್ರ, ಇವಗ ಇನ್ನ ನಮ್ಮದ್ಯಾಕ ಬೇಕು ಅಂತ ಅವರು ಫೈಲ್ ಮುಚ್ಚಿಬಿಡ್ತಾರ."

ನನ್ನ ಬದುಕೂ ಆಗ ಬಾಯಿಮಾತಿನ ಮೇಲೆಯೇ ನಿಂತಿತ್ತು. ನಾನು ಕೆಲಸಕ್ಕಿದ್ದ ಮೆಡೋವೇಲಿನ ಗ್ಯಾರೇಜಿನ ಸಾವ್ಕಾರ ಪಿಆರ್‌ಗೆ, ಅಂದರೆ ಇಲ್ಲಿ ಕಾಯಂ ಇರುವ ಪರವಾನಗಿಗೆ, ಬೇಕಾದ ಪತ್ರ ಕೊಡುತ್ತೇನೆಂದು ಹೇಳುತ್ತಲೇ ಇದ್ದ. ವರ್ಕ್ ಪರ್ಮಿಟ್ಟು ಮುಗಿಯುತ್ತ ಬಂದಿತ್ತು. ರಾತ್ರಿ ನಿದ್ದೆ ಇಲ್ಲ.

"ಕೊಟ್ಟನೇನು?" ಅಜ್ಜ ದಿನಾ ಕೇಳುವರು.

"ಕೊಡ್ತಾನ್ರೀ. ನನ್ನ ಕೆಲಸಾ ನೋಡ್ಯಾನ."

"ನಂದೂ ನೋಡಿದ್ರು."

"ಅಜ್ಜಾರು ಹೇಳೂದು ಕೇಳ್ರೀ," ಹೆಂಡತಿ ಗದರುವಳು. "ಬಾಯಿಬಿಟ್ಟು ಕೇಳಿದ್ರ ಮಾನ ಹೋಗ್ತೈತೇನು?"

ಹೋಗುತ್ತದೆಂದೇ ನಾನು ತಿಳಿದಿದ್ದೆ.

ಒಂದು ಸೋಮವಾರ ಅಜ್ಜ ಕೋಟಿಗೆ ಸೈನ್ಯದ ಪದಕ ಚುಚ್ಚಿಕೊಂಡು ಗ್ಯಾರೇಜಿಗೇ ಬಂದು ಗಿರಾಕಿಗಳ ಕುರ್ಚಿಯಲ್ಲಿ ಕೂತರು.

"ನಿಮ್ಮ ಗಾಡಿ ಯಾವುದು?" ಎಂದ ಸಾವ್ಕಾರ.

"ಗಾಡಿ ಇಲ್ಲ. ಆ ಹುಡುಗನ ಪತ್ರ ಒಯ್ಯಾಕ ಬಂದೀನಿ."

"ನಾಳೆ ನೋಡೋಣ."

"ನಾಳೆನೂ ಬರ್ತೀನಿ."

ನಾನು ನಾಚಿಕೆಯಿಂದ ಟ್ರಕ್ಕಿನ ಅಡಿಯಿಂದ ಹೊರಗೇ ಬರಲಿಲ್ಲ. ಅಜ್ಜ ಮರುದಿನವೂ ಬಂದರು, ಅದರ ಮರುದಿನವೂ. ಪದಕದ ಮುದುಕ ಯಾರೆಂದು ಗಿರಾಕಿಗಳು ವಿಚಾರಿಸತೊಡಗಿದ ಮೇಲೆ ಸಾವ್ಕಾರ ಸಹಿ ಹಾಕಿದ. ನನಗೆ ಪಿಆರ್ ಆಯಿತು.

೨೦೧೯ರಲ್ಲಿ ಹಾಂಗ್‌ಕಾಂಗಿನ ಬೀದಿಗಳಲ್ಲಿ ಗಲಾಟೆ ಎದ್ದಾಗ ಅಜ್ಜ ಟಿವಿ ಮುಂದಿನಿಂದ ಏಳಲಿಲ್ಲ. "ನಮ್ಮ ಹುಡುಗರು ಅಲ್ಲೇ ಅದಾರ," ಎನ್ನುವರು. ಸೈನ್ಯದಲ್ಲಿ ಜೊತೆಗಿದ್ದ ಆ ಹುಡುಗರಿಗೂ ಅರವತ್ತು ದಾಟಿತ್ತು. ಊಟ ಬಿಟ್ಟರು, ಆಸ್ಪತ್ರೆ ಸೇರಿದರು. ಅಲ್ಲಿಯೂ, ಲಂಡನ್ನಿನಿಂದ ಉತ್ತರ ಬಂತೇನು ಎಂಬ ಒಂದೇ ಪ್ರಶ್ನೆ.

"ಉತ್ತರ ಬಂತು ಅಂದುಬಿಡು, ಪ್ಲೀಸ್," ಎಂದು ಮಗಳು ಬಾಗಿಲಲ್ಲೇ ನನ್ನ ತೋಳು ಹಿಡಿದಳು.

ಒಳಗೆ ಹೋಗಿ ಅಜ್ಜನ ಮಂಚದ ಪಕ್ಕ ಕೂತೆ. "ಬಂದಿಲ್ಲ ಅಜ್ಜಾರ," ಎಂದೆ. "ಬರೂದಿಲ್ಲ ಅನಸ್ತೈತಿ."

"ಇಷ್ಟು ಹೇಳಾಕ ಅವರಿಗೆ ಇಷ್ಟು ವರ್ಷ ಸಾಲಲಿಲ್ಲ ನೋಡು," ಎಂದು ಅಜ್ಜ ಗೋಡೆಯ ಕಡೆ ತಿರುಗಿದರು.

ಆ ವಾರವೇ ತೀರಿಕೊಂಡರು. ನಾನು ಹೇಳಿದ್ದು ಸರಿಯೋ ತಪ್ಪೋ ಇನ್ನೂ ತಿಳಿಯದು. ಅವರ ಮಗಳು ನನ್ನೊಡನೆ ಮಾತು ಬಿಟ್ಟಿದ್ದಾಳೆ. ಆದರೆ ನನಗಾಗಿ ಮೂರು ದಿನ ಕುರ್ಚಿ ಬಿಟ್ಟೇಳದವರಿಗೆ ಮತ್ತೊಂದು ಬಣ್ಣದ ಮಾತು ಕೊಡುವುದು ನನ್ನಿಂದಾಗಲಿಲ್ಲ.