ಹೊತ್ತು ತರಲಾಗದ ಕಂಪ್ಯೂಟರ್

ಲ್ಯಾಪ್‌ಟಾಪ್ ಬಿಟ್ಟು ಡೆಸ್ಕ್‌ಟಾಪ್ ಯಾಕೆ ಕೊಂಡೆ ಎಂದು ಕೇಳಿದವರಿಗೆ ಆ ಕಾಲದಲ್ಲಿ ನಾನು ಮೂರು ಕಾರಣ ಹೇಳುತ್ತಿದ್ದೆ. ಲ್ಯಾಪ್‌ಟಾಪಿನ ಪರದೆ ಚಿಕ್ಕದು, ಕಣ್ಣು ನೋಯುತ್ತದೆ. ರೈಲಿನಲ್ಲಿ ಯಾರಾದರೂ ಎತ್ತಿಕೊಂಡು ಹೋಗುತ್ತಾರೆ. ಅದೇ ಬೆಲೆಗೆ ಡೆಸ್ಕ್‌ಟಾಪ್ ಆದರೆ ಎರಡು ಪಟ್ಟು ವೇಗದ್ದು ಸಿಗುತ್ತದೆ. ಮೂರೂ ಸುಳ್ಳಲ್ಲ. ಆದರೆ ಮೂರರಲ್ಲಿ ಒಂದೂ ನನ್ನ ಕಾರಣವಾಗಿರಲಿಲ್ಲ.

ತೊಂಬತ್ತರ ದಶಕದ ನಡುವಿನ ಮಾತು. ನಮ್ಮ ಮನೆ ಲಾಂಗ್ ಬೀಚ್‌ನಲ್ಲಿತ್ತು. ಬೆಂಗಳೂರಿನವರಾದ ನನ್ನ ಗಂಡ ಬಂದರಿನ ಹತ್ತಿರ, ಕಂಟೇನರ್ ಸಾಗಿಸುವ ಕಂಪನಿಯೊಂದರಲ್ಲಿ ಎಂಜಿನಿಯರ್. ಮಗಳಿಗೆ ಎಂಟು ವರ್ಷ. ನಾನು ಮೂವತ್ತೈದರ ವಿದ್ಯಾರ್ಥಿನಿ. ಮಂಗಳೂರಿನಲ್ಲಿ ಎಂ.ಎಸ್‌ಸಿ. ಮುಗಿಸಿ, ಮದುವೆಯಾಗಿ, ಹತ್ತು ವರ್ಷ ಪುಸ್ತಕ ಮುಚ್ಚಿಟ್ಟು, ಆಮೇಲೆ ಹಟ ಹಿಡಿದು ನೂರು ಮೈಲಿ ಆಚೆ, ಸ್ಯಾನ್ ಡಿಯಾಗೋ ಪಕ್ಕದ ಲಾ ಹೋಯಾದಲ್ಲಿ ಸಮುದ್ರ ವಿಜ್ಞಾನದ ಪಿಎಚ್‌.ಡಿ.ಗೆ ಸೇರಿದವಳು. ನನ್ನ ಕೆಲಸ ಏನೆಂದು ಹೇಳಿದರೆ ಜನ ನಗುತ್ತಿದ್ದರು. ಕಡಲ ತಳದಿಂದ ತೆಗೆದ ಕೆಸರನ್ನು ತೊಳೆದು, ಅದರಲ್ಲಿ ಉಳಿಯುವ, ರಾಗಿಕಾಳಿಗಿಂತ ಸಣ್ಣ ಚಿಪ್ಪುಗಳನ್ನು ಸೂಕ್ಷ್ಮದರ್ಶಕದ ಕೆಳಗೆ ಬಗೆಬಗೆಯಾಗಿ ಬೇರ್ಪಡಿಸಿ ಎಣಿಸುವುದು. ಅಕ್ಕಿಯಲ್ಲಿ ಕಲ್ಲು ಆರಿಸಿ ಬೆಳೆದವಳಿಗೆ ಅದೇನೂ ಕಷ್ಟವಾಗಲಿಲ್ಲ.

ಕಷ್ಟವಾದದ್ದು ಓದು. ಮೊದಲ ಎರಡು ವರ್ಷ ವಾರಕ್ಕೆ ಎರಡು ದಿನ ಮಾತ್ರ ಲಾ ಹೋಯಾಕ್ಕೆ ಹೋಗುತ್ತಿದ್ದೆ. ಇವರು ಕಾರಿನಲ್ಲಿ ಸಾಂಟಾ ಆನಾ ಸ್ಟೇಷನ್ನಿಗೆ ಬಿಡುವರು, ಅಲ್ಲಿಂದ ರೈಲು, ಇಳಿದ ಮೇಲೆ ಟೊರ್ರಿ ಪೈನ್ಸ್ ಗುಡ್ಡ ಹತ್ತುವ ಬಸ್ಸು. ಉಳಿದ ದಿನ ಕೆಲಸವೆಲ್ಲ ಮನೆಯಲ್ಲಿ, ಊಟದ ಮೇಜಿನ ಪಕ್ಕದಲ್ಲಿದ್ದ ನಮ್ಮ ಮ್ಯಾಕ್ ಕಂಪ್ಯೂಟರಿನಲ್ಲಿ. ಅದರಲ್ಲಿ ಮಗಳು ಬಣ್ಣದ ಕುದುರೆ ಬರೆಯುತ್ತಿದ್ದಳು, ಇವರು ತೆರಿಗೆಯ ಕಾಗದ ಮಾಡುತ್ತಿದ್ದರು, ನಡುವೆ ಬಿಡುವಾದಾಗ ನಾನು ತರಗತಿಯ ಪ್ರಬಂಧ ಬರೆಯುತ್ತಿದ್ದೆ. ಒಂದು ಪ್ಯಾರಾ ಮುಗಿಯುವಷ್ಟರಲ್ಲಿ ಕುಕ್ಕರ್ ಕೂಗುತ್ತಿತ್ತು. ಕುಕ್ಕರ್ ಇಳಿಸಿ ಬಂದರೆ ಮೊದಲ ವಾಕ್ಯ ಯಾಕೆ ಬರೆದೆ ಎಂಬುದೇ ಮರೆತಿರುತ್ತಿತ್ತು.

ಎರಡನೆಯ ವರ್ಷದ ಕೊನೆಗೆ ಅರ್ಹತಾ ಪರೀಕ್ಷೆಯಲ್ಲಿ ನಾನು ಫೇಲಾದೆ. ಐದು ಮಂದಿ ಪ್ರೊಫೆಸರುಗಳ ಮುಂದೆ ಎರಡು ಗಂಟೆ ನಿಂತು, ಗೊತ್ತಿದ್ದ ಉತ್ತರವನ್ನೂ ತಪ್ಪಾಗಿ ಹೇಳಿದೆ. ಮುಂದಿನ ಮೇ ತಿಂಗಳಲ್ಲಿ ಇನ್ನೊಂದು ಅವಕಾಶ. ಅದರಲ್ಲೂ ಹೋದರೆ ಮನೆಗೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಗಾದೆ ನನಗೂ ಗೊತ್ತು. ಆದರೆ ಕೆಲವು ನೆಲ ನಿಜವಾಗಿಯೂ ಡೊಂಕಾಗಿರುತ್ತದೆ. ಆ ಊಟದ ಮೇಜಿನ ಪಕ್ಕ ಕೂತು ನಾನು ಈ ಪರೀಕ್ಷೆ ಪಾಸು ಮಾಡಲಾರೆ ಎಂಬುದು ನನಗೆ ಸ್ಪಷ್ಟವಾಗಿ ತಿಳಿದಿತ್ತು. ಬಾಯಿಬಿಟ್ಟು ಹೇಳುವುದು ಹೇಗೆಂದು ತಿಳಿದಿರಲಿಲ್ಲ.

ನನ್ನ ಮಾರ್ಗದರ್ಶಕರು ಮೆತ್ತಗಿನ ಮಾತಿನ ಮುದುಕರು. ಪರೀಕ್ಷೆಯ ಮರುವಾರ ಕರೆದು ಎರಡು ವಿಷಯ ಹೇಳಿದರು. ಲ್ಯಾಬಿನಲ್ಲಿ ಚಿಪ್ಪಿನ ಎಣಿಕೆಯನ್ನು ವಿಶ್ಲೇಷಿಸುವ ಪ್ರೋಗ್ರಾಂ ಪಿಸಿಯಲ್ಲಿ ಮಾತ್ರ ಓಡುತ್ತದೆ, ಹಾಗಾಗಿ ನಾನು ಮ್ಯಾಕ್ ಬಿಟ್ಟು ಪಿಸಿಗೆ ಬರಬೇಕು. ಎರಡನೆಯದು, ವಿದ್ಯಾರ್ಥಿಗಳ ಕೋಣೆಯಲ್ಲಿ ಒಂದು ಮೇಜು ಖಾಲಿಯಾಗಿದೆ. ಬೇಕಾದರೆ ಅದು ನನ್ನದು, ಕಂಪ್ಯೂಟರ್ ಮಾತ್ರ ನಾನೇ ತರಬೇಕು. ಎಲ್ಲಿ ಕೂತು ಓದುತ್ತೀ ಎನ್ನುವುದು ನಿನಗೆ ಬಿಟ್ಟದ್ದು, ಆದರೆ ಎಲ್ಲಾದರೂ ಒಂದು ಕಡೆ ಕೂತುಕೊಳ್ಳಬೇಕಲ್ಲ ಎಂದರು. ಆ ಮಾತು ಮನಸ್ಸಿಗೆ ನಾಟಿತು.

ಪಿಸಿ ಕಲಿಯುವುದು ಹೊಸ ಮನೆಗೆ ಬಂದ ಸೊಸೆಯ ಪಾಡು. ಉಪ್ಪಿನ ಡಬ್ಬಿ ಎಲ್ಲಿದೆ ಎಂಬುದರಿಂದ ಶುರು. ಮ್ಯಾಕಿನಲ್ಲಿ ಫ್ಲಾಪಿ ಹೊರತೆಗೆಯಲು ಅದರ ಚಿತ್ರವನ್ನು ಕಸದ ಬುಟ್ಟಿಗೆ ಎಳೆದುಹಾಕಬೇಕಿತ್ತು. ಪಿಸಿಯಲ್ಲಿ ಒಂದು ಗುಂಡಿ ಒತ್ತಿದರೆ ಫ್ಲಾಪಿ ಟಪ್ಪೆಂದು ಕೈಗೆ ಬರುತ್ತದೆ. ಹೇಳದೆ ಕೇಳದೆ ಹೀಗೆ ಕಿತ್ತುಕೊಂಡರೆ ಒಳಗಿದ್ದದ್ದು ಉಳಿಯುತ್ತದೆಯೇ ಎಂದು ನಾನು ಪ್ರತಿಸಲ ಹೆದರುತ್ತಿದ್ದೆ. ಹೆದರಬೇಕಾದ ಕಡೆ ಮಾತ್ರ ಹೆದರಲಿಲ್ಲ. ಬೇಸಿಗೆಯ ಒಂದು ಮಂಗಳವಾರ, ಮನೆಯಲ್ಲಿ ಎರಡು ವಾರ ಕೂತು ಟೈಪು ಮಾಡಿದ್ದ ಎಣಿಕೆಯ ಫ್ಲಾಪಿಯನ್ನು ಲ್ಯಾಬಿನ ಪಿಸಿಗೆ ಹಾಕಿದೆ. ಅದು ಮ್ಯಾಕಿನಲ್ಲಿ ಬರೆದ ಫ್ಲಾಪಿ, ಪಿಸಿಗೆ ಓದಲು ಬರುವುದಿಲ್ಲ. ಈ ಡಿಸ್ಕ್ ಫಾರ್ಮ್ಯಾಟ್ ಆಗಿಲ್ಲ, ಈಗ ಮಾಡಲೇ ಎಂದು ಪರದೆ ಕೇಳಿತು. ಇಷ್ಟು ಮರ್ಯಾದೆಯಿಂದ ಕೇಳುತ್ತಿದೆ, ಏನೋ ಉಪಕಾರ ಮಾಡುತ್ತದೆ ಎಂದುಕೊಂಡು ಹೂಂ ಎಂದೆ. ಎರಡು ನಿಮಿಷದಲ್ಲಿ ಫ್ಲಾಪಿ ತೊಳೆದಿಟ್ಟ ಪಾತ್ರೆಯ ಹಾಗಾಗಿತ್ತು. ಮನೆಯ ಮ್ಯಾಕಿನಲ್ಲಿ ಪ್ರತಿ ಇಟ್ಟಿರಲಿಲ್ಲ. ಅದರ ಹಾರ್ಡ್ ಡಿಸ್ಕ್ ತುಂಬ ಮಗಳ ಕುದುರೆಗಳೇ. ಲ್ಯಾಬಿನಲ್ಲಿ ಎಣಿಸಿ ಬರೆದುಕೊಂಡಿದ್ದ ಚೀಟಿಗಳನ್ನು ಟೈಪಾಯಿತೆಂದು ಎಸೆದಿದ್ದೆ. ಎರಡು ವಾರದ ಶ್ರಮ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ಚಿಪ್ಪುಗಳೇನೋ ಸ್ಲೈಡಿನ ಮೇಲೆ ಭದ್ರವಾಗಿದ್ದವು, ಮೊದಲಿನಿಂದ ಎಣಿಸಬೇಕಷ್ಟೆ. ಆ ದಿನ ರೈಲಿನಲ್ಲಿ ಕಿಟಕಿಯ ಕಡೆ ಮುಖ ಮಾಡಿಕೊಂಡು ಅತ್ತೆ.

ಮನೆಗೆ ಬಂದು ಹೇಳಿದಾಗ ಇವರು ನಗಲಿಲ್ಲ. ಒಳ್ಳೆಯ ಎಂಜಿನಿಯರ್ ಮಾಡುವುದನ್ನೇ ಮಾಡಿದರು.

“ನೋಡು, ಎರಡು ಮೆಷಿನ್ ಇದ್ರೆ ತಾನೆ ಫ್ಲಾಪಿ ಹೊತ್ಕೊಂಡು ಓಡಾಡೋದು? ಒಂದು ಲ್ಯಾಪ್‌ಟಾಪ್ ತಗೊಂಡ್ಬಿಡೋಣ. ಪಿಸಿನೂ ಆಯ್ತು, ಅಲ್ಲಿಗೂ ಆಯ್ತು, ಇಲ್ಲಿಗೂ ಆಯ್ತು. ನೀನು ಈಗಿನ ಹಾಗೇ ಎರಡು ದಿನ ಹೋಗಿ ಬಂದ್ರೆ ಸಾಕು.”

ಮಾತಿನಲ್ಲಿ ಒಂದು ತಪ್ಪೂ ಇರಲಿಲ್ಲ. ಅದಕ್ಕೇ ನನಗೆ ಸಿಟ್ಟು ಬಂತು.

“ಡೆಸ್ಕ್‌ಟಾಪ್ ಒಳ್ಳೇದು ಅಂತ ಕಾಣ್ತದೆ,” ಎಂದೆ.

“ಯಾಕೆ?”

“ಪರದೆ ದೊಡ್ಡದಿರ್ತದೆ.”

ಸ್ಯಾನ್ ಡಿಯಾಗೋದಲ್ಲಿ ಉಡುಪಿ ಕಡೆಯ ಅಂಕಲ್ ಒಬ್ಬರಿದ್ದರು, ಟೆಲಿಕಾಂ ಎಂಜಿನಿಯರ್. ನಮ್ಮ ಜನ ಕಾರು ಕೊಳ್ಳಲಿ, ಮನೆ ಕೊಳ್ಳಲಿ, ಮೊದಲು ಅವರ ಡೈನಿಂಗ್ ಟೇಬಲಿನ ಮುಂದೆ ಹಾಜರಿ ಹಾಕಲೇಬೇಕು. ಒಂದು ಭಾನುವಾರ ನಾವೂ ಹೋದೆವು. ಆಂಟಿ ನೀರುದೋಸೆ ಮೇಲಿಂದ ಮೇಲೆ ತಂದು ಹಾಕುತ್ತಿದ್ದರು, ಅಂಕಲ್ ನನ್ನ ಕಾರಣಗಳನ್ನು ಒಂದೊಂದಾಗಿ ಕೆಳಗಿಳಿಸುತ್ತಿದ್ದರು. ಪರದೆ ಚಿಕ್ಕದೆಂದರೆ, ಮನೆಯಲ್ಲೊಂದು ಮಾನಿಟರ್ ಇಟ್ಟು ತಂತಿ ಸಿಕ್ಕಿಸಿದರಾಯಿತು. ಕಳುವಾಗುತ್ತದೆ ಎಂದರೆ, ಇನ್ಶೂರೆನ್ಸ್ ಇದೆ.

“ವೇಗ ಕಮ್ಮಿ ಅಲ್ವಾ ಅಂಕಲ್?” ಎಂದು ಕೊನೆಯ ಬಾಣ ಬಿಟ್ಟೆ.

“ನೀವು ಎಣಿಸುವುದು ಚಿಪ್ಪು ಅಲ್ವಾ ಮಾರಾಯ್ರೆ,” ಎಂದರು ಅಂಕಲ್. “ಅದೇನು ಓಡಿ ಹೋಗ್ತದಾ?”

ಎಲ್ಲರೂ ನಕ್ಕರು, ನಾನೂ ನಕ್ಕೆ. ಕೈ ತೊಳೆಯಲು ಎದ್ದಾಗ ಆಂಟಿ ಮಾತ್ರ, ಓದಿಗೆ ತೊಂದರೆಯಾದರೆ ವಾರದಲ್ಲಿ ಮೂರು ರಾತ್ರಿ ನಮ್ಮಲ್ಲೇ ಉಳಿಯಬಹುದು, ಮಗ ಕಾಲೇಜಿಗೆ ಹೋದ ಮೇಲೆ ಕೋಣೆ ಖಾಲಿಯೇ ಇದೆ ಎಂದರು. ನಾನು ಆಗಲಿ ನೋಡೋಣ ಎಂದಷ್ಟೇ ಹೇಳಿದೆ. ಕೈ ತೊಳೆದು ಬರುವಾಗ ಮಾತ್ರ ಆ ಕೋಣೆಯ ಬಾಗಿಲು ತೆರೆದು ಒಳಗೊಮ್ಮೆ ನೋಡಿದೆ.

ಈಗ ನಿಜ ಹೇಳುತ್ತೇನೆ. ಲ್ಯಾಪ್‌ಟಾಪ್ ಬಂದರೆ ನಾನು ಮನೆಯಲ್ಲೇ ಇರಬಹುದು ಎಂಬುದೇ ಲ್ಯಾಪ್‌ಟಾಪಿನ ಮೇಲೆ ನನಗಿದ್ದ ದೂರು. ಅದು ಬಂದ ದಿನದಿಂದ ನಾನು ಬೇರೆಲ್ಲಿಗೂ ಹೋಗಲು ನೆಪವಿರುವುದಿಲ್ಲ. ಡೆಸ್ಕ್‌ಟಾಪ್ ಆದರೆ ಹಾಗಲ್ಲ. ಅದು ಎಲ್ಲಿದೆಯೋ ನಾನು ಅಲ್ಲಿಗೆ ಹೋಗಬೇಕು. ನನಗೆ ವಾರದಲ್ಲಿ ನಾಲ್ಕು ದಿನ ಯಾರ ತಾಯಿಯೂ ಯಾರ ಹೆಂಡತಿಯೂ ಆಗದೆ ಒಂದು ಮೇಜಿನ ಮುಂದೆ ಕೂರಬೇಕಿತ್ತು. ಎಂಟು ವರ್ಷದ ಮಗಳನ್ನು ಬಿಟ್ಟು ಹಾಗೆ ಬಯಸುವ ಹೆಂಗಸನ್ನು ನಮ್ಮಲ್ಲಿ ಏನೆಂದು ಕರೆಯುತ್ತಾರೆಂದು ನನಗೆ ಗೊತ್ತಿತ್ತು. ನಾನೇ ಬೇರೆಯವರನ್ನು ಹಾಗೆ ಕರೆದದ್ದೂ ಉಂಟು.

ಆಗಸ್ಟಿನ ಒಂದು ಶನಿವಾರ ಮೂವರೂ ಕಂಪ್ಯೂಟರ್ ಮೇಳಕ್ಕೆ ಹೋದೆವು. ದೊಡ್ಡ ಶೆಡ್ಡುಗಳ ತುಂಬ ಸಾಲುಸಾಲು ಮೇಜುಗಳು, ಬಿಡಿಭಾಗ ಆರಿಸಿ ಕೊಟ್ಟರೆ ಅಲ್ಲೇ ಪಿಸಿ ಜೋಡಿಸಿಕೊಡುವವರು. ಇವರು ನೇರ ಲ್ಯಾಪ್‌ಟಾಪ್ ಮಾರುವವನ ಮುಂದೆ ನಿಂತರು. ಮೊದಲನೆಯದು ಭಾರ ಎಂದೆ. ಎರಡನೆಯದರ ಕೀಲಿಮಣೆ ಸಣ್ಣದು ಎಂದೆ. ಮೂರನೆಯದು ಹಗುರವಾಗಿತ್ತು, ಕೀಲಿಮಣೆಯೂ ಚೆನ್ನಾಗಿತ್ತು. ಅದರ ಮುಚ್ಚಳವನ್ನು ತೆರೆದು ಮುಚ್ಚುತ್ತ ನಿಂತೆ. ಮಗಳು ಪಕ್ಕದ ಮೇಜಿನಲ್ಲಿ ಮೌಸುಗಳನ್ನು ನೋಡುತ್ತಿದ್ದಳು. ಇವರು ತಗ್ಗಿದ ದನಿಯಲ್ಲಿ ಕೇಳಿದರು.

“ನಿನಗೆ ಮನೆಗೆ ತರೋಕೆ ಆಗದೇ ಇರೋದು ಬೇಕು. ಅಲ್ವಾ?”

ನಾನು ತಲೆ ಎತ್ತಲಿಲ್ಲ. ಹೌದು ಎಂದೆ. ಮದುವೆಯಾದ ಹನ್ನೆರಡು ವರ್ಷದಲ್ಲಿ ಅಷ್ಟು ಚಿಕ್ಕ ಮಾತಿಗೆ ಅಷ್ಟು ಹೆದರಿದ್ದು ಅದೊಂದೇ ಸಲ.

ಇವರು ಮಾರುವವನಿಗೆ ಥ್ಯಾಂಕ್ಸ್ ಹೇಳಿ ಲ್ಯಾಪ್‌ಟಾಪನ್ನು ನನ್ನ ಕೈಯಿಂದ ತೆಗೆದು ಮೇಜಿನ ಮೇಲಿಟ್ಟರು.

“ಹಾಗಿದ್ರೆ ಮಾನಿಟರ್ ದೊಡ್ಡದೇ ತಗೋ,” ಎಂದರು. “ಹದಿನೇಳು ಇಂಚಿಂದು. ಎತ್ತೋಕೆ ಇಬ್ಬರು ಬೇಕಾಗುತ್ತೆ.”

ಮಾತಿನಲ್ಲಿ ಸಿಟ್ಟಿತ್ತೋ ಪ್ರೀತಿಯಿತ್ತೋ ನನಗೆ ತಿಳಿಯಲಿಲ್ಲ. ಬಹುಶಃ ಎರಡೂ ಇತ್ತು. ಮಾರನೆಯ ದಿನ ಮಾನಿಟರನ್ನು ಹಿಂದಿನ ಸೀಟಿನಲ್ಲಿ ಮಗಳ ಪಕ್ಕ ಕೂರಿಸಿ, ಬೆಲ್ಟು ಬಿಗಿದು, ಲಾ ಹೋಯಾಕ್ಕೆ ಹೋದೆವು. ಇವರೇ ಹೊತ್ತು ತಂದು ಮೇಜಿನ ಮೇಲಿಟ್ಟು, ತಂತಿಯೆಲ್ಲ ಜೋಡಿಸಿ, ಕೆಲಸ ಮಾಡುತ್ತದೆಂದು ಖಾತ್ರಿಯಾದ ಮೇಲೆ ಮಗಳನ್ನು ಕರೆದುಕೊಂಡು ಹೊರಟರು.

ಅಲ್ಲಿಂದ ಒಂಬತ್ತು ತಿಂಗಳು ಸೋಮವಾರ ಬೆಳಿಗ್ಗೆ ಹೋಗಿ, ಮೂರು ರಾತ್ರಿ ಆಂಟಿಯ ಮನೆಯಲ್ಲಿ ಉಳಿದು, ಗುರುವಾರ ಸಂಜೆ ಬರುತ್ತಿದ್ದೆ. ಮೊದಲ ದಿನ ಆ ಮೇಜಿನ ಮುಂದೆ ಕೂತು ಮೂರು ಗಂಟೆ ತಲೆ ಎತ್ತದೆ ಓದಿದಾಗ ಆದ ಸಂತೋಷ ನನಗೆ ಇನ್ನೂ ನೆನಪಿದೆ. ಅದರ ಹಿಂದೆಯೇ ಬಂದ ನಾಚಿಕೆಯೂ ನೆನಪಿದೆ. ಇವರು ಸಾರು ಮಾಡುವುದು ಕಲಿತರು. ಮೊದಲ ತಿಂಗಳು ಅದು ಬರೀ ಹುಣಸೆ ನೀರು. ದಿನಾ ಸಂಜೆ ಆಂಟಿಯ ಮನೆಯಿಂದ ಫೋನ್ ಮಾಡುತ್ತಿದ್ದೆ. ಮಗಳು ನನ್ನ ಕನ್ನಡಕ್ಕೆ ತನ್ನ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದಳು, ಯೆಸ್, ನೋ, ಫೈನ್. ಫೋನ್ ಇಟ್ಟ ಮೇಲೆ ಆ ಮೂರು ಪದಗಳನ್ನೇ ಮತ್ತೆ ಮತ್ತೆ ತಿರುವಿ ನೋಡುತ್ತ ಕೂರುತ್ತಿದ್ದೆ. ಬೆಳಿಗ್ಗೆ ಎದ್ದು ಮತ್ತೆ ಆ ಮೇಜಿಗೆ ಹೋಗುವಾಗ ಕಾಲು ತಾನಾಗಿ ಬೇಗ ಬೇಗ ಹೆಜ್ಜೆ ಹಾಕುತ್ತಿತ್ತು.

ಮೇ ತಿಂಗಳಲ್ಲಿ ಪರೀಕ್ಷೆ ಪಾಸಾದೆ. ಅದೇ ಐದು ಮಂದಿ, ಅದೇ ಕೋಣೆ. ಈ ಸಲ ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎಂದೆ, ಗೊತ್ತಿದ್ದದ್ದನ್ನು ನೆಟ್ಟಗೆ ಹೇಳಿದೆ.

ಆ ವಾರ ಮನೆಗೆ ಬಂದಾಗ ಇವರು ಪತ್ರಿಕೆಯಲ್ಲಿ ಬಂದಿದ್ದ ಲ್ಯಾಪ್‌ಟಾಪ್ ಜಾಹೀರಾತನ್ನು ತೆಗೆದಿಟ್ಟಿದ್ದರು. “ಇನ್ನು ಥೀಸಿಸ್ ಬರೆಯೋದು ತಾನೆ? ಮನೇಲೇ ಕೂತು ಬರಿ,” ಎಂದರು. ಈ ಸಲ ನನ್ನಲ್ಲಿ ವಾದವಿರಲಿಲ್ಲ. ಬೇಕಾದದ್ದು ಸಿಕ್ಕಿಯಾಗಿತ್ತು, ಮಗಳಿಂದ ಕಿತ್ತುಕೊಂಡ ವರ್ಷವನ್ನು ಅವಳಿಗೆ ಹಿಂದಿರುಗಿಸಬೇಕೆಂದು ನಿಜವಾಗಿಯೂ ಅನಿಸಿತ್ತು. ಅವಳು ಊಟದ ಮೇಜಿನಲ್ಲಿ ಹೋಂವರ್ಕ್ ಮಾಡುತ್ತಿದ್ದಳು. ಇನ್ನು ಮುಂದೆ ಅಮ್ಮ ದಿನಾ ಮನೆಯಲ್ಲೇ ಇರುತ್ತಾಳೆ ಎಂದೆ.

“ಲೈಕ್ ಬಿಫೋರ್?” ಎಂದಳು.

“ಹೌದು ಪುಟ್ಟಾ, ಮೊದಲಿನ ಹಾಗೆ.”

ಅವಳು ಪೆನ್ಸಿಲ್ ಕೆಳಗಿಟ್ಟು ಯೋಚಿಸಿದಳು. ಅಳಲಿಲ್ಲ, ದೂರಿನ ದನಿಯೂ ಅಲ್ಲ. ಬೇಡ, ಈಗಿನ ಹಾಗೇ ಇರಲಿ ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಮೊದಲು ನೀನು ಯಾವಾಗಲೂ ಗೋಡೆಯ ಕಡೆ ತಿರುಗಿ ಕೂತಿರುತ್ತಿದ್ದೆ, ನನಗೆ ಕಾಣುತ್ತಿದ್ದದ್ದು ನಿನ್ನ ಬೆನ್ನು. ಈಗ ಗುರುವಾರ ಬಂದರೆ ನನ್ನ ಕಡೆಗೇ ತಿರುಗಿರುತ್ತೀ.

ನಾನು ಅವಳ ಎದುರಿನ ಕುರ್ಚಿ ಎಳೆದುಕೊಂಡು ಕೂತೆ. ಆ ಮೂರು ರಾತ್ರಿಗಳಿಗಾಗಿ ಒಂಬತ್ತು ತಿಂಗಳು ಒಳಗೊಳಗೇ ಬೆಂದಿದ್ದೆ. ಮನೆಯಲ್ಲೇ ಇದ್ದೆನೆಂದು ಹೆಮ್ಮೆಪಟ್ಟುಕೊಂಡಿದ್ದ ಆ ವರ್ಷಗಳಿಗಾಗಿ ಒಂದು ದಿನವೂ ಸಂಕಟಪಟ್ಟಿರಲಿಲ್ಲ. ಇವರು ಜಾಹೀರಾತಿನ ಹಾಳೆಯನ್ನು ಮಡಚಿ ಹಳೆಯ ಪತ್ರಿಕೆಗಳ ಜೊತೆ ಇಟ್ಟರು. ಸೋಮವಾರ ನಾನು ಎಂದಿನ ರೈಲು ಹಿಡಿದೆ. ಥೀಸಿಸ್ ಮುಗಿಯಲು ಇನ್ನೂ ಮೂರು ವರ್ಷ ಬೇಕಾಯಿತು. ಅದರ ಒಂದು ಸಾಲನ್ನೂ ನಾನು ಮನೆಯಲ್ಲಿ ಬರೆಯಲಿಲ್ಲ.