ಹಸಿದ ಕೌದಿ ಕೊಡದ ಉಚ್ಚಂಗೆಮ್ಮ

ಒಂದು ಕೌದಿಗೆ ನಾಲ್ಕೈದು ಹಳೆಯ ಸೀರೆ ಬೇಕು. ಅವು ಗಿರಾಕಿಗಳ ಮನೆಯಿಂದಲೇ ಬರುತ್ತವೆ. ದಾರಕ್ಕೆ ಇನ್ನೂರು ರೂಪಾಯಿ, ಸೂಜಿಗೆ ಹತ್ತು. ಹೊಲಿಗೆಯ ಕೂಲಿ ಸಾವಿರದ ಎಂಟುನೂರು, ಅದೂ ಚೌಕಾಸಿ ಮುಗಿದ ಮೇಲೆ. ಕೆಲಸ ಮುಗಿಯಲು ಇಪ್ಪತ್ತು ದಿನವಾದರೂ ಬೇಕು. ಸೊಂಟಕ್ಕೆ ಹಚ್ಚುವ ಮುಲಾಮನ್ನು ಉಚ್ಚಂಗೆಮ್ಮ ಲೆಕ್ಕಕ್ಕೆ ಹಿಡಿಯುವುದಿಲ್ಲ. "ಅದನ್ನೂ ಹಿಡಿದ್ರ ಕೌದಿ ಬಿಟ್ಟು ಮುಲಾಮಿನ ಅಂಗಡಿ ಇಡಬೇಕಾಗತೈತ್ರಿ" ಎಂದು ನಗುತ್ತಾರೆ.

ಕಂಪ್ಲಿಯ ಕೋಟೆ ಕಡೆಯ ಓಣಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಭತ್ತದ ನಾಟಿಗೆ ಹೋಗುವ ಹೆಂಗಸರನ್ನು ಕರೆಯುತ್ತ ಟಂಟಂ ಆಟೊ ಹಾರ್ನ್ ಹೊಡೆಯುತ್ತಿದೆ. ಅರವತ್ತೆರಡರ ಉಚ್ಚಂಗೆಮ್ಮ ಕಟ್ಟೆಯ ಮೇಲೆ ಕೌದಿ ಹರವಿ, ಅದರ ಮೇಲೆಯೇ ಕಾಲು ಚಾಚಿ ಕುಳಿತಿದ್ದಾರೆ. ಪಕ್ಕದಲ್ಲಿ ಸೊಸೆ ಭವ್ಯ ಸೂಜಿಗಳಿಗೆ ದಾರ ಪೋಣಿಸಿ ಒಂದೊಂದನ್ನೇ ದಿಂಬಿಗೆ ಚುಚ್ಚುತ್ತಿದ್ದಾರೆ. ಅತ್ತೆಯ ಕಣ್ಣಿಗೆ ಈಗ ಸೂಜಿಯ ಕಣ್ಣು ಕಾಣುವುದಿಲ್ಲ. ಇಡೀ ದಿನಕ್ಕೆ ಸಾಲುವಷ್ಟು ಸೂಜಿ ಸಜ್ಜು ಮಾಡಿಟ್ಟೇ ಭವ್ಯ ಅಕ್ಕಿ ಗಿರಣಿಯ ಲೆಕ್ಕದ ಕೆಲಸಕ್ಕೆ ಹೊರಡುವುದು.

"ಅತ್ತಿ, ಎಲ್ಲಾ ಇವತ್ತ ಖಾಲಿ ಮಾಡಬ್ಯಾಡ."

"ನೀ ಜಲ್ದಿ ಹೋಗು. ನಿನ್ನ ಸಾಹುಕಾರ ಮೂಟೆ ಎಣಿಸಾಕ ಬರಲಾರದ ಕುಂತಿರತಾನ."

ಉಚ್ಚಂಗೆಮ್ಮ ಪ್ರಾಯದಲ್ಲಿ ನಾಟಿಗೂ ಕಳೆ ತೆಗೆಯಲೂ ಹೋದವರು. ಮಂಡಿ ಕೈಕೊಟ್ಟ ಮೇಲೆ ತಾಯಿ ಕಲಿಸಿದ ಸೂಜಿಯೇ ಅನ್ನವಾಯಿತು. ನಡುವೆ ಮಿಲ್ಲಿನ ಚಾದರಗಳು ಮನೆಮನೆಗೂ ಬಂದು, ಕೌದಿ ಕೇಳುವವರೇ ಇಲ್ಲದ ವರ್ಷಗಳೂ ಇದ್ದವು. ಹಂಪಿಗೆ ಬರುವ ಪ್ರವಾಸಿಗರು ಕಡ್ಡಿರಾಂಪುರದ ಹೋಂಸ್ಟೇಗಳಲ್ಲಿ ಇವನ್ನು ಹೊದ್ದು, ನಮಗೂ ಒಂದು ಬೇಕು ಎನ್ನತೊಡಗಿದ ಮೇಲೆ ಕೆಲಸ ಮತ್ತೆ ಕುದುರಿದೆ.

ಇವರ ಹೊಲಿಗೆ ನಾಲ್ಕೂ ಅಂಚಿನಿಂದ ಶುರುವಾಗಿ ನಡುವಿಗೆ ಬರುತ್ತದೆ. ಕೊನೆಗೆ ಉಳಿಯುವ ಅಂಗೈಯಗಲದ ತೇಪೆಯೇ ಕೌದಿಯ ಹೊಟ್ಟೆ. ಅದರೊಳಗೆ ರೊಟ್ಟಿಯ ಚೂರು, ಚಿಟಿಕೆ ಬೆಲ್ಲ ಇಟ್ಟ ಮೇಲೆಯೇ ಬಾಯಿ ಮುಚ್ಚುವುದು. ಹಸಿದ ಕೌದಿ ಹೊದ್ದವರ ಮನೆಯಲ್ಲಿ ಅನ್ನಕ್ಕೆ ಕೊರತೆಯಾಗುತ್ತದೆ ಎಂಬುದು ಅವರ ನಂಬಿಕೆ. "ನಮ್ಮವ್ವ ತಾನು ಉಪವಾಸ ಇದ್ದಾಗೂ ಕೌದಿಗೆ ಉಣಿಸ್ಯಾಳ್ರಿ."

ಆ ರೊಟ್ಟಿ ಚೂರೇ ಕಳೆದ ವರ್ಷ ದೊಡ್ಡ ತಕರಾರಿಗೆ ಕಾರಣವಾಯಿತು.

ಸೊಲ್ಲಾಪುರ ಒಂದು ಕಾಲಕ್ಕೆ ಬಟ್ಟೆ ಮಿಲ್ಲುಗಳ ಕೂಗಿಗೆ ಏಳುತ್ತಿದ್ದ ಊರು. ಅಲ್ಲಿನ ಹಳೆಯ ಕಾರ್ಮಿಕರ ಮಕ್ಕಳು ಸೇರಿ, ಪಾಳುಬಿದ್ದ ಒಂದು ವಠಾರದಲ್ಲಿ ಮಿಲ್ಲಿನ ದಿನಗಳ ಸಣ್ಣ ಮ್ಯೂಸಿಯಂ ಮಾಡಿದ್ದಾರೆ. ಅದನ್ನು ನೋಡಿಕೊಳ್ಳುವ ಮನೋಹರ್ ಕನ್ನಡ ಮಾತಾಡುವ ಮಿಲ್ಲು ಕಾರ್ಮಿಕರ ಮನೆತನದವರು. ಹಂಪಿ ನೋಡಲು ಬಂದಿದ್ದ ಅವರು ಹೋಂಸ್ಟೇಯಲ್ಲಿ ಉಚ್ಚಂಗೆಮ್ಮನ ಕೌದಿ ಕಂಡು ವಿಳಾಸ ಹಿಡಿದು ಕಂಪ್ಲಿಗೇ ಬಂದರು. ಮ್ಯೂಸಿಯಮ್ಮಿನಲ್ಲಿ ಕಾರ್ಮಿಕರ ಕೋಣೆಯೊಂದಿದೆ, ಮಂಚವಿದೆ, ಮೇಲೆ ಹೊದಿಕೆಯಿಲ್ಲ. ನಿಮ್ಮ ಕಡೆಯಿಂದ ದುಡಿಯಲು ಬಂದವರು ಗಂಟಿನಲ್ಲಿ ಕೌದಿ ತಂದಿದ್ದರು, ಒಂದೂ ಉಳಿದಿಲ್ಲ. ಹೊಸದೊಂದು ಹೊಲಿದು ಕೊಟ್ಟರೆ ಪಕ್ಕದಲ್ಲಿ ಹೊಲಿದವರ ಹೆಸರಿನ ಹಲಗೆ ಹಾಕುತ್ತೇವೆ ಎಂದರು.

ಕೆಲಸ ಮುಗಿಯುವ ಹೊತ್ತಿಗೆ, ರೊಟ್ಟಿ ಚೂರಿನ ಸಂಗತಿ ತಿಳಿದ ಮನೋಹರ್ ಫೋನ್ ಮಾಡಿದರು. ಭವ್ಯ ಸ್ಪೀಕರ್ ಹಾಕಿ ಹಿಡಿದಿದ್ದರು.

"ಅವ್ವಾರ, ಒಳಗ ತಿನ್ನೋ ಸಾಮಾನು ಏನೂ ಇಡಬ್ಯಾಡ್ರಿ. ಇರುವಿ ಬರ್ತಾವ."

"ಹಂಗಾದ್ರ ಕೌದೀನೂ ಬ್ಯಾಡ್ರಿ."

"ಮುಂಗಡ ಕೊಟ್ಟೀನಲ್ರಿ!"

"ಡಬ್ಬ್ಯಾಗ ಹಂಗ ಐತಿ, ತಿರುಗಿ ಒಯ್ರಿ."

ಬಾಯಲ್ಲಿ ಹಾಗೆಂದರೂ ಬಿಡಲು ಮನಸ್ಸಿರಲಿಲ್ಲ. ಇಷ್ಟು ವರ್ಷ ಹೊಲಿದ ಯಾವ ಕೌದಿಯ ಮೇಲೂ ಅವರ ಹೆಸರಿಲ್ಲ. "ಆಸಿ ಇತ್ರಿ, ಸುಳ್ಳ್ಯಾಕ ಹೇಳ್ಲಿ? ಆದ್ರ ಹೊಟ್ಟಿ ಖಾಲಿ ಇದ್ದದ್ದನ್ನ ಹೆಂಗ ಕಳಿಸ್ಲಿ?" ಎಂದು ಅಂದಿನ ಪೇಚಾಟ ನೆನೆಯುತ್ತಾರೆ. ಕೊನೆಗೆ ಮನೋಹರ್ ಅವರೇ, ಒಮ್ಮೆ ಬಂದು ನೋಡಿ ಹೋಗ್ರಿ, ಆಮೇಲೆ ನಿಮ್ಮ ಇಷ್ಟ ಎಂದರು. ಅತ್ತೆ ಸೊಸೆ ಹೊಸಪೇಟೆಯಲ್ಲಿ ರೈಲು ಹತ್ತಿದರು. ಬುತ್ತಿಯಲ್ಲಿ ರೊಟ್ಟಿ, ತೊಡೆಯ ಮೇಲೆ ಬಾಯಿ ಮುಚ್ಚದ ಕೌದಿ.

ಮ್ಯೂಸಿಯಂ ನೋಡಿದ ಕಥೆಯನ್ನು ಉಚ್ಚಂಗೆಮ್ಮ ಸೂಜಿ ಪಕ್ಕಕ್ಕಿಟ್ಟೇ ಹೇಳುತ್ತಾರೆ. ಮಗ್ಗದ ಯಂತ್ರ ಕಂಡರು, ನೂಲು ಸುತ್ತುವ ಹೆಂಗಸರ ಫೋಟೊಗಳನ್ನು ಕಂಡರು. ಮಿಲ್ಲಿನ ಕೂಗು ಕೇಳಿಸುವ ಗುಂಡಿಯನ್ನು ಭವ್ಯ ಒತ್ತಿಬಿಟ್ಟರು. "ಲೇ ಭವ್ಯಾ, ರೈಲು ಒಳಗ ಬಂತಲ್ಲಲೇ!" ಎಂದು ಕಂಬ ಹಿಡಿದುಕೊಂಡರಂತೆ. ಗಾಜಿನೊಳಗಿನ ಚಾದರಗಳ ಮುಂದೆ ನಿಂತು, "ನನ್ನ ಗಿರಾಕಿ ಕಸಗೊಂಡಾವು ಇವಾ ಏನು?" ಎಂದು ಕೇಳಿದ್ದಕ್ಕೆ ನೋಡಲು ಬಂದವರೆಲ್ಲ ನಕ್ಕರು.

ಅಷ್ಟರಲ್ಲಿ ಮನೋಹರ್ ತಮ್ಮ ಅಜ್ಜನ ಧೋತರ ತೋರಿಸಿದರು. ಅಜ್ಜ ತಾವೇ ಮಿಲ್ಲಿನಲ್ಲಿ ನೇಯ್ದದ್ದು. ಈಗ ಜರಡಿಯಂತಾಗಿದೆ, ಹುಳ ತಿಂದು. "ಇಂಥದ್ದು ಮತ್ತ ನೇಯಾವ್ರು ಯಾರೂ ಉಳದಿಲ್ರಿ" ಎಂದರು. ಉಚ್ಚಂಗೆಮ್ಮ ಈಗ ಒಪ್ಪುತ್ತಾರೆ: "ಆತನ ಮಾತೂ ಖರೇನ ಐತಿ ಅನ್ನಿಸ್ತ್ರಿ. ಆತನಿಗೆ ಆತನ ಅಜ್ಜ, ನನಗ ನಮ್ಮವ್ವ."

ಕಾರ್ಮಿಕರ ಕೋಣೆಯಲ್ಲಿ ಕಥೆ ಹೇಳುವವರು ವಿರುಪಾಕ್ಷಪ್ಪ, ನೂಲುವ ವಿಭಾಗದಲ್ಲಿ ದುಡಿದ ಹಿರಿಯರು.

"ಒಂದ ಮಂಚ, ಮೂರು ಮಂದಿ, ಮೂರು ಪಾಳಿ ತಂಗಿ. ಒಬ್ಬ ಎದ್ದು ಹ್ವಾದ್ರ ಇನ್ನೊಬ್ಬ ಬಂದು ಬೀಳಾವ. ಹೊದಿಕಿ ಕಾವು ಆರಾಕ ಪುರಸೊತ್ತ ಇರಲಿಲ್ಲ."

"ಮತ್ತ ಉಣ್ಣಾದು ಹೆಂಗಣ್ಣಾ?"

"ಅವರವರ ಹೊತ್ತಿಗೆ ಅವರವರು. ಮೂರೂ ಮಂದಿ ಕೂಡಿ ಉಣ್ಣಾದು ರಜಾ ದಿನ ಒಂದ."

"ಇವತ್ತು ರಜಾ ಅಂತ ತಿಳೀರಿ. ಎಲ್ರೂ ಉಣ್ಣಾಕ ಕುಂದ್ರಿ."

ಒಳಗೆ ಊಟ ಬೇಡವೆಂದು ಮನೋಹರ್ ಅಂಗಳದಲ್ಲಿ ಚಾಪೆ ಹಾಸಿದರು. ಉಚ್ಚಂಗೆಮ್ಮ ಕೌದಿಯನ್ನೂ ಪಂಕ್ತಿಯಲ್ಲಿ ಕೂಡಿಸಿದರು. ಅದರ ಹೊಟ್ಟೆಗೆ ಮೊದಲ ಚೂರು ಇಟ್ಟು, ಆಮೇಲೆ ಎಲ್ಲರಿಗೂ ರೊಟ್ಟಿ, ಶೇಂಗಾ ಚಟ್ನಿ ಬಡಿಸಿದರು. ಎಲ್ಲರೂ ಉಂಡು ಕೈ ತೊಳೆಯುವವರೆಗೆ ಕಾದರು. ನಂತರ ಎರಡು ಬೆರಳು ಹಾಕಿ ಆ ಚೂರನ್ನು ಹೊರಗೆ ತೆಗೆದು, ಅರ್ಧ ಮುರಿದು ಮನೋಹರ್ ಕೈಗಿಟ್ಟರು. ಉಳಿದರ್ಧ ತಾವು ತಿಂದರು.

"ಕೌದಿ ಉಂಡಾತ್ರಿ. ಉಂಡ ಮ್ಯಾಲೆ ಎಲಿ ಎತ್ತಬೇಕಲ್ಲ?"

"ಬೆಲ್ಲದ ಪುಡಿ ಉಳದೈತೇನ್ರಿ?" ಮನೋಹರ್‌ಗೆ ಇನ್ನೂ ಅನುಮಾನ.

"ಬೆಲ್ಲ ಹಾಕೇ ಇಲ್ಲ. ಇಷ್ಟು ಅಂಜಾವ್ರಿಗೆ ಬೆಲ್ಲ ಯಾಕ?"

ಒಳಬದಿಯನ್ನು ಹೊರಳಿಸಿ, ಅರಿವೆಯಿಂದ ಒರೆಸಿ, ಜಾಡಿಸಿ, ಅಲ್ಲೇ ಕುಳಿತು ಹೊಟ್ಟೆ ಹೊಲಿದರು. ಸೂಜಿಗೆ ದಾರ ಪೋಣಿಸಿ ಕೊಟ್ಟದ್ದು ಭವ್ಯ. ಕೌದಿಯನ್ನು ಮಂಚದ ಮೇಲೆ ಹಾಸಿದ್ದು ವಿರುಪಾಕ್ಷಪ್ಪ. ಅಂಚು ಸರಿ ಮಾಡುವ ನೆಪದಲ್ಲಿ ಅವರು ಅದನ್ನು ನಾಲ್ಕು ಸಲ ಸವರಿದರಂತೆ.

ಈಗ ಹಲಗೆಯ ಮೇಲೆ ಕನ್ನಡದಲ್ಲೂ ಮರಾಠಿಯಲ್ಲೂ "ಹೊಲಿದವರು: ಉಚ್ಚಂಗೆಮ್ಮ, ಕಂಪ್ಲಿ" ಎಂದಿದೆ. ಅದರ ಫೋಟೊ ಭವ್ಯ ಅವರ ಫೋನಿನಲ್ಲಿದೆ, ಓಣಿಯಲ್ಲಿ ಅದನ್ನು ನೋಡದವರು ಉಳಿದಿಲ್ಲ.

ಕಳೆದುಕೊಂಡದ್ದೂ ಒಂದಿದೆ. ಇವರ ಕೌದಿಗಳು ಕೆಲವು ವರ್ಷಕ್ಕೊಮ್ಮೆ ತೇಪೆ ಹಾಕಿಸಿಕೊಳ್ಳಲು ಇದೇ ಕಟ್ಟೆಗೆ ಮರಳುತ್ತವೆ. ಯಾರ ಮನೆಯಲ್ಲಿ ಕೂಸು ಹುಟ್ಟಿದೆ, ಯಾರು ಬೀಡಿ ಬಿಟ್ಟಿಲ್ಲ ಎಂಬುದನ್ನೆಲ್ಲ ಬಟ್ಟೆಯೇ ಇವರಿಗೆ ಹೇಳುತ್ತದೆ. ಸೊಲ್ಲಾಪುರದ್ದು ಮರಳುವುದಿಲ್ಲ.

"ಅದನ್ನ ಯಾರೂ ಹೊದ್ಕೊಳ್ಳಂಗಿಲ್ಲ, ಅದು ಹರಿಯಂಗಿಲ್ಲ" ಎನ್ನುತ್ತಾರೆ ಉಚ್ಚಂಗೆಮ್ಮ, ಮುಂದಿನ ಸೂಜಿಗೆ ಕೈಚಾಚುತ್ತ. "ಹೆಸರು ಬಂತ್ರಿ. ಗಿರಾಕಿ ಒಂದು ಹೋತು."