ಶಾಂತಿಪಡೆಯ ಖರ್ಚು ಮತ್ತು ಉದ್ದಿನವಡೆ

ಠಾಣೆ ನಗರದ ಕಾಲೇಜೊಂದರಲ್ಲಿ ನಾನೂ ಯಜಮಾನರೂ ಕ್ಯಾಂಟೀನ್ ನಡೆಸುತ್ತೇವೆ. ಕುಂದಾಪುರದ ಕಡೆಯವರು, ಮನೆ ಡೊಂಬಿವಲಿಯಲ್ಲಿ. ಮಗಳು ಅದೇ ಕಾಲೇಜಿನಲ್ಲಿ ಓದುತ್ತಾಳೆ.

ಕಳೆದ ವರ್ಷ ಅಲ್ಲಿ ವಿಶ್ವಸಂಸ್ಥೆಯ ಅಣಕು ಸಭೆ ನಡೆಯಿತು. ಒಬ್ಬೊಬ್ಬ ವಿದ್ಯಾರ್ಥಿ ಒಂದೊಂದು ದೇಶ. ಮಗಳ ಪಾಲಿಗೆ ಬಂದದ್ದು ಆಫ್ರಿಕದ ಒಂದು ಬಡ ದೇಶ. ಪಕ್ಕದ ದೇಶದಲ್ಲಿ ಅಂತರ್ಯುದ್ಧ. ಅದನ್ನು ತಡೆಯಲು ನೆರೆಹೊರೆಯ ದೇಶಗಳು ಸೇರಿ ಶಾಂತಿಪಡೆ ಕಳಿಸುತ್ತವೆ, ಖರ್ಚನ್ನು ಶ್ರೀಮಂತ ದೇಶಗಳು ಕೊಡಬೇಕು ಎಂಬುದು ಅವಳ ವಾದ. ಮನೆಯಲ್ಲಿ ಕನ್ನಡಿಯ ಮುಂದೆ ನಿಂತು ಅದನ್ನೇ ಕೂಗಿ ಕೂಗಿ ನನಗೂ ಬಾಯಿಪಾಠ ಮಾಡಿಸಿದ್ದಳು.

ಸಭೆಯ ದಿನ ಶ್ರೀಮಂತ ದೇಶವಾಗಿದ್ದವನು ಕೋಟು ತೊಟ್ಟ ಎತ್ತರದ ಹುಡುಗ. ಕೊಟ್ಟ ಹಣದ ಲೆಕ್ಕ ನೋಡುವವರು ಯಾರು, ಪಡೆಯ ಮೇಲೆ ಹಿಡಿತ ಯಾರದು ಎಂದು ಪಟ್ಟು ಹಿಡಿದ. ಮಗಳೂ ಬಿಡಲಿಲ್ಲ. ಊಟದ ಹೊತ್ತು ಮೀರಿತು. ನಾನು ಬಾಗಿಲಲ್ಲಿ ಇಣುಕಿದರೆ ಸಭೆ ನಡೆಸುತ್ತಿದ್ದ ಮೇಡಂ, "ವೋಟಿಂಗ್ ಹೋಯೀಪರ್ಯಂತ ಥಾಂಬಾ, ಕಾಕೂ" ಎಂದು ತಡೆದರು. ಮತದಾನವಾಗದೆ ಯಾರಿಗೂ ಊಟವಿಲ್ಲವಂತೆ!

ರುಬ್ಬಿದ ಉದ್ದು ಹಾಗೆಲ್ಲ ಕಾಯುತ್ತದೆಯೇ? ಒಲೆಯನ್ನು ಸಭಾಂಗಣದ ಕಿಟಕಿಯ ಹೊರಗೆ ಇಟ್ಟು ವಡೆ ಕರಿಯತೊಡಗಿದೆ. ಸಾಂಬಾರಿನ ಮುಚ್ಚಳ ತೆಗೆದೆ. ಕ್ಯಾಂಟೀನಿನ ಟೇಬಲ್ ಫ್ಯಾನನ್ನೂ ತಂದು ಕಿಟಕಿಯತ್ತ ತಿರುಗಿಸಿದೆ.

"ನಿಂಗ್ ಮಂಡೆ ಸಮ ಇಲ್ಯಾ? ಒಳ್ಗ್ ಮೀಟಿಂಗ್ ಆತಾ ಇತ್ತ್!" ಎಂದರು ಯಜಮಾನರು.

"ಆಯ್ಲಿ ಬಿಡಿ. ಪರಿಮಳ ಒಳ್ಗ್ ಹೋಪುಕಾಗ ಅಂದ್ ಮೇಡಂ ಹೇಳ್ಲಿಲ್ಲ."

ಸ್ವಲ್ಪ ಹೊತ್ತಿಗೆ ಕೋಟಿನ ಹುಡುಗನ ಮಾತು ತಡವರಿಸಿತು. ದೊಡ್ಡ ಪಾಲು ಶ್ರೀಮಂತರದು, ಉಳಿದದ್ದು ನೆರೆಯವರದು, ಲೆಕ್ಕ ಎಲ್ಲರೂ ಸೇರಿ ನೋಡುವುದು ಎಂದು ಒಪ್ಪಂದವಾಗಿ, ಎಲ್ಲರೂ ಕೈ ಎತ್ತಿಯೇಬಿಟ್ಟರು.

ಮೊದಲು ಹೊರಬಂದ ಮಗಳು ಫ್ಯಾನ್ ನೋಡಿ ಸೊಂಟಕ್ಕೆ ಕೈಯಿಟ್ಟಳು. "ಅಮ್ಮಾ, ಯೇ ಚೀಟಿಂಗ್ ಹೈ!"

"ದುಡ್ ಸಿಕ್ತೋ ಇಲ್ಯೋ?"

"ಮಿಲಾ. ಲೇಕಿನ್ ಮೇರೀ ಸ್ಪೀಚ್ ಸೇ ಮಿಲಾ!"

ವಡೆಯಿಂದಲ್ಲ, ತನ್ನ ಭಾಷಣದಿಂದ ಸಿಕ್ಕಿತು ಎಂಬ ಹಟ ಅವಳದು. ಅಷ್ಟರಲ್ಲಿ ಶ್ರೀಮಂತ ದೇಶ ತಟ್ಟೆ ಹಿಡಿದು ಇನ್ನಷ್ಟು ಚಟ್ನಿ ಕೇಳಿತು. "ಪೈಸಾ ಕಬ್ ದೇಗಾ?" ಎಂದೆ.

"ಪಹಲೇ ಪಾರ್ಲಿಮೆಂಟ್ ಸೇ ಪೂಛನಾ ಪಡೇಗಾ, ಆಂಟಿ."

ಮೊದಲು ಪಾರ್ಲಿಮೆಂಟನ್ನು ಕೇಳಬೇಕಂತೆ! ಮಗಳು ತಟ್ಟೆ ಕೆಳಗಿಟ್ಟು ಅವನ ಮೇಲೆ ಹರಿಹಾಯ್ದಳು. ಆದರೂ ಒಳ್ಳೆಯ ವಾದಕ್ಕೆಂದು ಇಟ್ಟಿದ್ದ ಮೊದಲ ಬಹುಮಾನ ಅವನಿಗೇ ಹೋಯಿತು, ಇವಳಿಗೆ ಎರಡನೆಯದು.

ಸಂಜೆ ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ ಮಗಳ ಸಿಟ್ಟು ಇನ್ನೂ ಇಳಿದಿರಲಿಲ್ಲ. ನಿಜವಾದ ಶಾಂತಿಪಡೆಗಳಿಗೂ ಒಪ್ಪಿದ ಹಣ ತಡವಾಗಿ ಬರುತ್ತದೆ, ಸೈನಿಕರ ಸಂಬಳವೂ ನಿಂತುಹೋಗುತ್ತದೆ ಎಂದು ವಿವರಿಸುತ್ತಿದ್ದಳು. ನಡುವೆ ನಾನು ಕನ್ನಡದಲ್ಲಿ "ಸಂಬ್ಳವೂ ಇಲ್ಯಾ?" ಎಂದದ್ದು ಎದುರು ಕೂತಿದ್ದ ಹೆಂಗಸಿನ ಕಿವಿಗೆ ಬಿತ್ತು. ಕಟ್ಟಡದ ಕೆಲಸ ಮುಗಿಸಿ ಬಂದವಳು, ಕಲಬುರಗಿಯ ಕಡೆಯವಳು.

"ಯಾವ ಕಂಪ್ನಿ ರೀ ಅದು, ಪಗಾರ ಕೊಡವಲ್ದು?"

ಮಗಳು ತನಗೆ ಬರುವ ಅರೆಬರೆ ಕನ್ನಡದಲ್ಲೇ ಮೊದಲಿಂದ ಕತೆ ಹೇಳಿದಳು. ಡೊಂಬಿವಲಿ ಬರುವಷ್ಟರಲ್ಲಿ ಆ ಹೆಂಗಸು ಸೆರಗನ್ನು ಸೊಂಟಕ್ಕೆ ಬಿಗಿದಿದ್ದಳು.

"ಆ ಕೋಟಿನಂವನ್ನ ಒಮ್ಮಿ ನನಗ ತೋರ್ಸವ್ವಾ."